ಅಪ್ಪನ ಹೋಟೆಲ್ ದಿನಗಳ ಬಗ್ಗೆ ಬ್ಲಾಗ್ ಬರೆಯಬೇಕು, ಎಲ್ಲಿಂದ ಶುರು ಮಾಡಲಿ?

ಡೊಂಬಿವಲಿ_ಅಕ್ಕ:

ಎಲ್ಲರಿಗೂ ನಮಸ್ಕಾರ. ಊರು ಕುಂದಾಪುರದ ಹತ್ತಿರ, ಈಗ ಇರುವುದು ಡೊಂಬಿವಲಿ ಪೂರ್ವದಲ್ಲಿ. ಮುಂಬೈ ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಆಮೇಲೆ ಇಂಗ್ಲಿಷ್ ಮೀಡಿಯಂ, ಮನೆಯ ಹೊರಗೆ ಮರಾಠಿ, ಹಿಂದಿ. ಕನ್ನಡ ಓದಲು ತೊಂದರೆ ಇಲ್ಲ, ಬರೆಯಲು ಸ್ವಲ್ಪ ಹೆದರಿಕೆ.

ವಿಷಯ ಇಷ್ಟೇ. ನಮ್ಮ ಅಪ್ಪ 1965ರ ಆಸುಪಾಸಿನಲ್ಲಿ, ಮೀಸೆ ಬರುವ ಮುಂಚೆಯೇ ಬೊಂಬಾಯಿಗೆ ಬಂದು ಫೋರ್ಟ್‌ನ ಒಂದು ಉಡುಪಿ ಹೋಟೆಲ್ ಸೇರಿದವರು. ಮೊದಲು ಕಪ್ಪು ಬಸಿ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲಾಯರ್. ಕೊನೆಗೆ ಬೇರೆ ಕಡೆ ಗಲ್ಲೆಯಲ್ಲಿ ಕೂತರು. ಹಗಲು ಕೆಲಸ, ರಾತ್ರಿ ಕನ್ನಡ ನೈಟ್ ಸ್ಕೂಲ್. ಎಸ್ಸೆಸ್ಸಿ ಪಾಸು ಮಾಡಿದ್ದು ಹಾಗೆ. ಈಗಲೂ ನೆನಪು ಚೆನ್ನಾಗಿದೆ. ಆದರೆ ಹೇಳುವುದು ಮಾತ್ರ ಅವರಿಗೆ ಮನಸ್ಸಾದಾಗ.

ಇದನ್ನೆಲ್ಲ ಬರೆದಿಡಬೇಕು ಎಂದು ಆಸೆ. ಫೇಸ್‌ಬುಕ್‌ನಲ್ಲಿ ಹಾಕಿ ನೋಡಿದೆ. "ಸೂಪರ್ ಅಕ್ಕ" ಎಂದು ಒಂದಿಷ್ಟು ಜನ ಬರೆದರು, ಮಾರನೇ ದಿನ ಅದು ಎಲ್ಲಿ ಹೋಯಿತೋ ನನಗೇ ಸಿಗಲಿಲ್ಲ. ಹಾಗಾಗಿ ಬ್ಲಾಗ್ ಎಂದು ಯೋಚನೆ. ನನಗೆ ಗೊತ್ತಾಗದ್ದು ಇವು:

ಬ್ಲಾಗರ್ ಒಳ್ಳೆಯದೋ ವರ್ಡ್‌ಪ್ರೆಸ್ ಒಳ್ಳೆಯದೋ? ದುಡ್ಡು ಬರಬೇಕು ಎಂದೇನಿಲ್ಲ, ಆದರೆ ಕೈಯಿಂದ ಹಾಕುವ ಹಾಗೂ ಆಗಬಾರದು. ನನ್ನ ಹತ್ತಿರ ಇರುವುದು ಮೊಬೈಲ್. ಲ್ಯಾಪ್‌ಟಾಪ್ ಮಗನದ್ದು, ಭಾನುವಾರ ಮಾತ್ರ ಕೈಗೆ ಸಿಗುತ್ತದೆ. ನಮ್ಮ ಅಣ್ಣ ಒಂದು ಕಾಲದಲ್ಲಿ ಅಪ್ಪನ ಕೆಲವು ಮಾತುಗಳನ್ನು ನುಡಿ ಎನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಟ್ಟಿದ್ದಾನೆ. ಆ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರಕ್ಕೆ ಕೊಂಬು, ಚುಕ್ಕೆ ಹಚ್ಚಿದ ಹಾಗೆ ಏನೇನೋ ಕಾಣುತ್ತದೆ. ಅದು ಸರಿಹೋಗುತ್ತದಾ?

ಇನ್ನೊಂದು. ನನ್ನ ಕನ್ನಡದಲ್ಲಿ ಕುಂದಾಪ್ರದ್ದು, ಮರಾಠಿ ಎಲ್ಲ ಸೇರಿಕೊಂಡಿರುತ್ತದೆ. ಬೆಂಗಳೂರು, ಮೈಸೂರಿನವರು ನಗುವುದಿಲ್ಲವಾ?

ಠಾಣೆ_ಹುಡುಗ:

ಅಕ್ಕಾ, ಈಗ ಬ್ಲಾಗ್ ಯಾರು ಓದುತ್ತಾರೆ? ಅಪ್ಪನನ್ನು ಕೂರಿಸಿ ಒಂದೊಂದು ನಿಮಿಷದ ರೀಲ್ಸ್ ಮಾಡಿ. ಅಜ್ಜಂದಿರ ವೀಡಿಯೋ ಈಗ ಸಿಕ್ಕಾಪಟ್ಟೆ ಓಡುತ್ತದೆ. ಟೈಪಿಂಗ್ ತಲೆನೋವೂ ಇಲ್ಲ.

ಅಚ್ಚುಮೊಳೆ:

ಡೊಂಬಿವಲಿ ಅಕ್ಕನಿಗೆ ನಮಸ್ಕಾರ. ನಾನು ಮಾಟುಂಗಾದವನು. ಮುಂಬೈಯ ಕನ್ನಡ ಪ್ರೆಸ್ಸುಗಳಲ್ಲಿ ಮೊಳೆ ಜೋಡಿಸಿ, ಆಮೇಲೆ ಡಿಟಿಪಿ ಮಾಡಿ ರಿಟೈರ್ ಆದವನು. ಈಗ ಪುರಸೊತ್ತು ಜಾಸ್ತಿ. ಹಾಗಾಗಿ ಉತ್ತರವೂ ಉದ್ದ, ಬೇಜಾರು ಮಾಡಬೇಡಿ.

ಮೊದಲು ಠಾಣೆ ಹುಡುಗನಿಗೆ. ವೀಡಿಯೋ ಮಾಡುವುದು ಬೇಡ ಎನ್ನುವುದಿಲ್ಲ ಮಾರಾಯ. ಆದರೆ ಅಕ್ಕನ ತೊಂದರೆಯೇ "ಮಾರನೇ ದಿನ ಸಿಗಲಿಲ್ಲ" ಎನ್ನುವುದು. ರೀಲ್ಸ್‌ನದ್ದೂ ಅದೇ ಕಥೆ ಅಲ್ವಾ? ಫೋರ್ಟ್‌ನ ಹೋಟೆಲ್ ಹುಡುಗರು ರಾತ್ರಿ ಶಾಲೆಗೆ ಹೇಗೆ ಹೋಗುತ್ತಿದ್ದರು ಎಂದು ನಾಳೆ ಒಬ್ಬ ವಿದ್ಯಾರ್ಥಿ ಗೂಗಲ್‌ನಲ್ಲಿ ಹುಡುಕಿದರೆ, ಬರೆದದ್ದು ಸಿಗುವಷ್ಟು ಸುಲಭವಾಗಿ ರೀಲ್ ಸಿಗುವುದಿಲ್ಲ. ಕಲೀನಾದಲ್ಲಿ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗವೇ ಇದೆ. ಇಂಥದ್ದನ್ನು ಹುಡುಕುವವರು ಇದ್ದಾರೆ.

ಇನ್ನು ಅಕ್ಕನ ಪ್ರಶ್ನೆಗಳು. ಬ್ಲಾಗರ್‌ನಲ್ಲೇ ಶುರು ಮಾಡಿ. ಅದು 1999ರಿಂದ ಇದೆ, 2003ರಲ್ಲಿ ಗೂಗಲ್ ಕೊಂಡುಕೊಂಡಿತು. ನಿಮ್ಮ ಜಿಮೇಲ್ ಇದ್ದರೆ ಸಾಕು, ದುಡ್ಡು ಕೊಡಬೇಕಾಗಿಲ್ಲ. ವರ್ಡ್‌ಪ್ರೆಸ್ ಕೆಟ್ಟದ್ದಲ್ಲ. ಆದರೆ ಅದರಲ್ಲಿ ಎರಡು ಬಗೆ. ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿ ಪುಕ್ಕಟೆ ಜಾಗ ಸಿಗುತ್ತದೆ, ಆದರೆ ನಿಮ್ಮ ಪುಟದಲ್ಲಿ ಅವರ ಜಾಹೀರಾತು ಬರುತ್ತದೆ. ಇನ್ನೊಂದು, ನಾವೇ ಹೋಸ್ಟಿಂಗ್, ಅಂದರೆ ಬ್ಲಾಗ್ ಇಡುವ ಇಂಟರ್ನೆಟ್ ಜಾಗ, ಬಾಡಿಗೆಗೆ ತೆಗೆದುಕೊಂಡು ಹಾಕಿಕೊಳ್ಳುವುದು. ಅದರಲ್ಲಿ ಸ್ವಾತಂತ್ರ್ಯ ಜಾಸ್ತಿ, ತಲೆಬಿಸಿಯೂ ಜಾಸ್ತಿ. ಅಪ್‌ಡೇಟ್ ಮಾಡುತ್ತಿರಬೇಕು, ವರ್ಷಾವರ್ಷ ರಿನ್ಯೂ ಮಾಡಬೇಕು. ಮೊದಲ ವರ್ಷದ ಆಫರ್ ನೋಡಿ ಹಿಗ್ಗಿದವರು ಎರಡನೇ ವರ್ಷದ ಬಿಲ್ ನೋಡಿ ಬ್ಲಾಗೇ ಬಿಟ್ಟದ್ದನ್ನು ನಾನು ನೋಡಿದ್ದೇನೆ. ನಿಮಗೆ ಅದು ಈಗ ಬೇಡ.

ವಿಳಾಸ ಚಿಕ್ಕದಾಗಿರಲಿ, ಫೋನಿನಲ್ಲಿ ಬಾಯಿಮಾತಿನಲ್ಲಿ ಹೇಳುವ ಹಾಗಿರಲಿ. ಯೋಚಿಸಿ ಇಡಿ. ಆಮೇಲೆ ಬದಲಿಸಬಹುದು, ಆದರೆ ಅಷ್ಟರೊಳಗೆ ಕಳಿಸಿದ ಲಿಂಕ್‌ಗಳೆಲ್ಲ ಸತ್ತುಹೋಗುತ್ತವೆ. ಥೀಮ್ ಇರುವುದರಲ್ಲಿ ಒಂದು, ಬಿಳಿ ಹಿನ್ನೆಲೆ, ಕಪ್ಪು ಅಕ್ಷರ. ಅಕ್ಷರ ಸ್ವಲ್ಪ ದೊಡ್ಡದಿರಲಿ, ನಮ್ಮ ಒತ್ತಕ್ಷರ ಸಣ್ಣ ಸೈಜಿನಲ್ಲಿ ಕಣ್ಣಿಗೆ ಹತ್ತುವುದಿಲ್ಲ. ಬಣ್ಣ, ಬ್ಯಾನರ್ ಎಂದು ಕೂತರೆ ಹಿಟ್ಟು ರುಬ್ಬುವ ಮೊದಲೇ ಹೋಟೆಲಿನ ಬೋರ್ಡಿಗೆ ಪೇಂಟ್ ಹೊಡೆದ ಹಾಗಾಗುತ್ತದೆ.

ಈಗ ಮುಖ್ಯವಾದದ್ದು. "ನನ್ನ ಅಪ್ಪನ ಜೀವನ" ಎಂದು ಒಂದೇ ಉದ್ದ ಬರಹಕ್ಕೆ ಕೈ ಹಾಕಬೇಡಿ. ಅದು ಮುಗಿಯುವುದಿಲ್ಲ. ಹುಟ್ಟಿದ ಇಸವಿ, ತಂದೆ ತಾಯಿ, ಅಣ್ಣ ತಮ್ಮಂದಿರು ಎಂದು ಬರೆಯುತ್ತಾ ಬೊಂಬಾಯಿಗೆ ಬರುವುದರೊಳಗೆ ಬರೆಯುವವರಿಗೂ ಸುಸ್ತು, ಓದುವವರಿಗೂ ಸುಸ್ತು. ಒಂದು ಪೋಸ್ಟ್, ಒಂದು ವಿಷಯ. ನೀವು ಬರೆದ ನಾಲ್ಕು ಸಾಲಿನಲ್ಲೇ ಎಷ್ಟೊಂದು ಇದೆ ನೋಡಿ. ಕಪ್ಪು ಬಸಿ ತೊಳೆಯುವ ಹುಡುಗನ ದಿನ ಎಷ್ಟು ಗಂಟೆಗೆ ಶುರುವಾಗುತ್ತಿತ್ತು, ನೀರು ಎಲ್ಲಿಂದ, ಕೈ ಬಿರಿದರೆ ಏನು ಹಚ್ಚುತ್ತಿದ್ದರು? ಅದೇ ಒಂದು ಪೋಸ್ಟ್. ಸಪ್ಲಾಯರ್ ಆರ್ಡರ್ ಬರೆದುಕೊಳ್ಳದೆ ಹೇಗೆ ನೆನಪಿಡುತ್ತಿದ್ದರು, ಗಿರಾಕಿ ಕೈ ತೊಳೆದು ಬರುವುದರೊಳಗೆ ಗಲ್ಲೆಗೆ ಬಿಲ್ಲನ್ನು ಹೇಗೆ ಕೂಗುತ್ತಿದ್ದರು? ಇನ್ನೊಂದು. ಸಂಬಳದಲ್ಲಿ ಊರಿಗೆ ಮನಿಯಾರ್ಡರ್ ಎಷ್ಟು, ತನಗೆ ಎಷ್ಟು? ಮತ್ತೊಂದು.

ಅಪ್ಪನನ್ನು ಕೇಳುವ ರೀತಿಯೂ ಮುಖ್ಯ. "ಆಗ ಹೇಗಿತ್ತು ಅಪ್ಪಾ?" ಎಂದು ಕೇಳಿದರೆ "ಕಷ್ಟ ಇತ್ತು ಮಗಾ" ಎಂದು ಮುಗಿಸಿಬಿಡುತ್ತಾರೆ. ಆ ತಲೆಮಾರಿನವರೇ ಹಾಗೆ. ಕೈಗೆ ಸಿಗುವ ವಸ್ತುವಿನ ಬಗ್ಗೆ ಕೇಳಿ. ರಾತ್ರಿ ಎಲ್ಲಿ ಮಲಗುತ್ತಿದ್ದಿರಿ? ಟ್ರಂಕ್ ಎಲ್ಲಿಡುತ್ತಿದ್ದಿರಿ? ಟಿಪ್ ಸಿಕ್ಕಿದರೆ ಯಾರ ಹತ್ತಿರ ಇಡುತ್ತಿದ್ದಿರಿ? ನನ್ನ ಚಿಕ್ಕಪ್ಪ ಒಬ್ಬರು ಹೀಗೇ ಹೋಟೆಲಿನಲ್ಲಿದ್ದವರು. ಟ್ರಂಕ್ ಬಗ್ಗೆ ಕೇಳಿದ್ದಕ್ಕೆ ರಾತ್ರಿ ಬಾಗಿಲು ಹಾಕಿದ ಮೇಲೆ ಎರಡು ಟೇಬಲ್ ಜೋಡಿಸಿ ಮಲಗುತ್ತಿದ್ದದ್ದು, ಅಮೃತಶಿಲೆಯ ಟೇಬಲ್ ಚಳಿಗಾಲದಲ್ಲಿ ಬೆನ್ನು ಕೊರೆಯುತ್ತಿದ್ದದ್ದು, ಅದಕ್ಕೆ ಗೋಣಿ ಹಾಸಿದ್ದು, ಬೆಳಿಗ್ಗೆ ಹಾಲಿನವ ಬಂದು ಎಬ್ಬಿಸುತ್ತಿದ್ದದ್ದು, ಎಲ್ಲ ತಾನಾಗಿ ಬಂತು. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರಿಗೆ ಹೇಳಿಯೇ ಮಾಡಿಕೊಳ್ಳಿ. ಆ ಧ್ವನಿಯನ್ನೂ ಜೋಪಾನವಾಗಿಡಿ.

ಇಸವಿ ಕೇಳಿದರೆ ತಪ್ಪು ಹೇಳುವುದು ಸಹಜ. ಅದಕ್ಕೆ ಊರಿಗೆಲ್ಲ ಗೊತ್ತಿರುವ ಘಟನೆ ಹಿಡಿದು ಕೇಳಿ. 1965ರ ಯುದ್ಧಕ್ಕೆ ಮುಂಚೆಯೋ ಆಮೇಲೋ? 1982ರ ಮಿಲ್ ಸ್ಟ್ರೈಕ್ ಹೊತ್ತಿಗೆ ಗಲ್ಲೆಯಲ್ಲಿದ್ದಿರೋ, ಇನ್ನೂ ಸಪ್ಲಾಯರೋ? ಹೀಗೆ ಕೇಳಿದರೆ ಇಸವಿ ಒಂದೆರಡು ವರ್ಷದ ಒಳಗೆ ಬಂದು ನಿಲ್ಲುತ್ತದೆ. ಅಷ್ಟಕ್ಕೂ ಖಾತ್ರಿ ಇಲ್ಲದಿದ್ದರೆ "ಆಸುಪಾಸಿನಲ್ಲಿ" ಎಂದು ಬರೆಯಿರಿ, ನೀವು ಮೇಲೆ ಬರೆದ ಹಾಗೇ.

ಶೀರ್ಷಿಕೆಯ ವಿಷಯದಲ್ಲಿ ನಾನು ಸ್ವಲ್ಪ ಒರಟ. "ನೆನಪುಗಳ ಮೆರವಣಿಗೆ, ಭಾಗ ಒಂದು" ಎಂದು ಇಟ್ಟರೆ ದೇವರಿಗೂ ಸಿಗುವುದಿಲ್ಲ. "ಫೋರ್ಟ್‌ನ ಉಡುಪಿ ಹೋಟೆಲ್‌ನಲ್ಲಿ ಕಪ್ಪು ತೊಳೆಯುವ ಹುಡುಗನ ದಿನಚರಿ" ಎಂದು ಇಡಿ. ಚಂದ ಸ್ವಲ್ಪ ಕಡಿಮೆ, ಆದರೆ ಹುಡುಕುವವನಿಗೆ ಸಿಗುತ್ತದೆ. ಮುಂಬೈ, ಮುಂಬಯಿ, ಬೊಂಬಾಯಿ ಎಂದು ಜನ ಒಂದೊಂದು ರೀತಿ ಬರೆಯುತ್ತಾರೆ. ಬರಹದ ಒಳಗೆ ಸಹಜವಾಗಿ ಬರುವಲ್ಲಿ ಎರಡು ರೂಪ ಬಂದರೆ ಒಳ್ಳೆಯದೇ.

ನಗುವವರ ವಿಷಯ ಬಿಡಿ. ಕಾಗುಣಿತ ಸರಿಯಿರಲಿ, ಅಷ್ಟು ಸಾಕು. ಅಪ್ಪನ ಮಾತು ಕುಂದಾಪ್ರ ಕನ್ನಡದಲ್ಲಿದ್ದರೆ ಹಾಗೇ ಹಾಕಿ, ನೀವು ಹೇಳುವ ಭಾಗ ನಿಮಗೆ ಬಂದ ಕನ್ನಡದಲ್ಲಿರಲಿ. ನುಡಿ ಫೈಲ್ ಬಗ್ಗೆ ಪುಣೆಯ ಕೋತ್ರೂಡ್ ಕನ್ನಡಿಗರು ನನಗಿಂತ ಚೆನ್ನಾಗಿ ಹೇಳುತ್ತಾರೆ, ಇಲ್ಲಿ ಇದ್ದಾರೆ.

ಕೋತ್ರೂಡ್_ಕನ್ನಡಿಗ:

ಅಚ್ಚುಮೊಳೆ ಸರ್ ನನ್ನ ತಲೆಗೆ ಕಟ್ಟಿಬಿಟ್ಟರು, ಹೇಳುತ್ತೇನೆ.

ಅಕ್ಕಾ, ಫೈಲ್ ಹಾಳಾಗಿಲ್ಲ, ಹೆದರಬೇಡಿ. ಹಳೆಯ ನುಡಿ, ಬರಹ ಎನ್ನುವ ಸಾಫ್ಟ್‌ವೇರ್‌ಗಳ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಒಳಗಿನ ಇಂಗ್ಲಿಷ್ ಚಿಹ್ನೆಗಳೇ ಕಾಣುತ್ತವೆ. ಬ್ಲಾಗ್‌ಗೆ ಬೇಕಾದದ್ದು ಯೂನಿಕೋಡ್, ಅಂದರೆ ಯಾವ ಫೋನ್, ಕಂಪ್ಯೂಟರ್‌ನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಅಕ್ಷರ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಭಾನುವಾರ ಮಗನ ಲ್ಯಾಪ್‌ಟಾಪ್‌ನಲ್ಲಿ ಕಾಪಿ ಮಾಡಿ, ಅಲ್ಲಿ ಪೇಸ್ಟ್ ಮಾಡಿದರೆ ಆಯಿತು.

ಆದರೆ ಬದಲಿಸಿದ ಮೇಲೆ ಒಂದು ಸಲ ಓದಲೇಬೇಕು. ಮೂರು ಕಡೆ ಎಡವುತ್ತದೆ. ಅರ್ಕಾವೊತ್ತು ಒಮ್ಮೊಮ್ಮೆ ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ. ಒತ್ತಕ್ಷರದ ಮೇಲೆ ದೀರ್ಘ ಇದ್ದರೆ ಬಿಟ್ಟುಹೋಗಿರಬಹುದು. ಇನ್ನು ಅಣ್ಣ ನಡುವೆ ಇಂಗ್ಲಿಷ್‌ನಲ್ಲಿ ಹೋಟೆಲ್ ಹೆಸರು, ರಸ್ತೆ ಹೆಸರು ಟೈಪ್ ಮಾಡಿದ್ದರೆ ಕನ್ವರ್ಟರ್ ಅದನ್ನೂ ಕನ್ನಡ ಎಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿರುತ್ತದೆ. ಅಂಥ ಜಾಗ ಮೂಲ ಫೈಲ್ ಪಕ್ಕದಲ್ಲಿಟ್ಟು ಸರಿಮಾಡಬೇಕು. ಮೂಲ ಫೈಲ್ ಅಳಿಸಬೇಡಿ.

ಮೊಬೈಲ್‌ನಲ್ಲಿ ಗೂಗಲ್‌ನ ಕೀಲಿಮಣೆ ಆ್ಯಪ್ ಜಿಬೋರ್ಡ್ ಸಾಕು. ಕನ್ನಡ ಕೀಲಿಮಣೆಯೂ ಇದೆ, ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಕನ್ನಡ ಬರುವುದೂ ಇದೆ. ಮೈಕ್ ಒತ್ತಿ ಮಾತಾಡಿದರೂ ಬರೆದುಕೊಳ್ಳುತ್ತದೆ, ಕನ್ನಡಕ್ಕೆ ಅದು 2017ರಲ್ಲೇ ಬಂತು. ಅಪ್ಪನ ರೆಕಾರ್ಡಿಂಗನ್ನು ನೀವು ಕಿವಿಗೆ ಹಾಕಿಕೊಂಡು, ನೀವೇ ನಿಧಾನವಾಗಿ ಮೈಕ್‌ಗೆ ಹೇಳಿ. ಟೈಪಿಂಗ್ ಅರ್ಧಕ್ಕರ್ಧ ಉಳಿಯುತ್ತದೆ. ಕುಂದಾಪ್ರ ಕನ್ನಡ ಹೇಳಿದರೆ ಮಾತ್ರ ಅದಕ್ಕೆ ತಲೆಬುಡ ತಿಳಿಯುವುದಿಲ್ಲ, ನಮ್ಮ ಮನೆಯಲ್ಲಿ ನೋಡಿ ನಕ್ಕಿದ್ದೇವೆ. ಪೂರ್ಣವಿರಾಮ, ಕಾಮಾ ನೀವೇ ಹಾಕಬೇಕು.

ಇನ್ನೊಂದು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಬ್ಲಾಗರ್‌ನಲ್ಲಿ ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಆ ಪೋಸ್ಟಿನ ಲಿಂಕ್‌ನಲ್ಲಿ ಶೀರ್ಷಿಕೆ ಬರುವುದಿಲ್ಲ. ಬರೀ "ಬ್ಲಾಗ್ ಪೋಸ್ಟ್" ಎಂದು ಇಂಗ್ಲಿಷ್‌ನಲ್ಲಿ ಬಂದು ಮುಂದೆ ಒಂದು ಅಂಕಿ ಅಂಟಿಕೊಳ್ಳುತ್ತದೆ. ಎಲ್ಲ ಪೋಸ್ಟಿಗೂ ಅದೇ ಹೆಸರು. ವರ್ಡ್‌ಪ್ರೆಸ್‌ನಲ್ಲಾದರೆ ಕನ್ನಡ ಲಿಂಕ್ ಬರುತ್ತದೆ, ಆದರೆ ವಾಟ್ಸಾಪ್‌ಗೆ ಕಾಪಿ ಮಾಡಿದಾಗ ಶೇಕಡಾ ಚಿಹ್ನೆಗಳ ಮೈಲುದ್ದದ ಸಾಲಾಗುತ್ತದೆ. ಹಾಗಾಗಿ ಪಬ್ಲಿಶ್ ಒತ್ತುವ ಮುಂಚೆ ಬಲಗಡೆಯ ಸೆಟ್ಟಿಂಗ್‌ನಲ್ಲಿ ಪರ್ಮಾಲಿಂಕ್ (ಆ ಪೋಸ್ಟಿನ ವಿಳಾಸ) ತೆರೆದು, ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಪದ ನೀವೇ ಕೊಡಿ. ಪಬ್ಲಿಶ್ ಆದ ಮೇಲೆ ಬದಲಿಸಬೇಕೆಂದರೆ ಮತ್ತೆ ಡ್ರಾಫ್ಟ್‌ಗೆ ತರಬೇಕು, ಹಳೆಯ ಲಿಂಕ್ ಕೆಡುತ್ತದೆ.

ಕಾಮೆಂಟ್‌ಗೆ ಮಾಡರೇಶನ್ ಹಾಕಿಡಿ, ನೀವು ಒಪ್ಪಿದ್ದು ಮಾತ್ರ ಕಾಣುತ್ತದೆ. ಇಲ್ಲದಿದ್ದರೆ ಅಪ್ಪನ ಕಥೆಯ ಕೆಳಗೆ ಸಾಲ ಕೊಡುವವರ ಮೆರವಣಿಗೆ.

ವಾಸ್ಕೋ_ಹುಬ್ಬಳ್ಳಿ:

ನಾನು ಗೋವಾದಲ್ಲಿ ಇರುವವನು, ಬ್ಲಾಗ್ ಇದೆ. ಓದುಗರ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ ಅಕ್ಕಾರ. ನಾನು ಕವಿತೆ ಬರೆದೆ, ಲಲಿತ ಪ್ರಬಂಧ ಬರೆದೆ. ಬೀಗರು ಓದಿದರು. ಆಮೇಲೆ ವಾಸ್ಕೋದಿಂದ ಕುಳೆಂ, ಕ್ಯಾಸಲ್ ರಾಕ್, ಲೋಂಡಾ ಮೇಲೆ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವುದು ಹೇಗೆ, ಮಳೆಗಾಲದಲ್ಲಿ ಯಾವ ಕಡೆ ಕೂತರೆ ದೂಧ್‌ಸಾಗರ್ ಕಾಣುತ್ತದೆ ಎಂದು ಸುಮ್ನೆ ಒಂದು ಬರೆದೆ. ಇವತ್ತಿಗೂ ಅದನ್ನೇ ಜನ ಹುಡುಕಿಕೊಂಡು ಬಂದು ಓದುತ್ತಾರೆ. ನನ್ನ ಕವಿತೆಗೆ ಆದ ಅವಮಾನ ಬಿಡಿ. ಅಚ್ಚುಮೊಳೆಯವರು ಶೀರ್ಷಿಕೆ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಖರೆ.

ನಿಮ್ಮ ಹತ್ತಿರವೂ ಅಂಥದ್ದು ಇದೆಯಲ್ಲ. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ಅದಕ್ಕೆ ಮುಂಚೆ ಅಪ್ಪ ಬೊಂಬಾಯಿಯಿಂದ ಕುಂದಾಪುರಕ್ಕೆ ಹೇಗೆ ಹೋಗುತ್ತಿದ್ದರು? ಬಸ್ ಎಲ್ಲಿ ಹತ್ತುತ್ತಿದ್ದರು, ಊಟಕ್ಕೆ ಎಲ್ಲಿ ನಿಲ್ಲಿಸುತ್ತಿದ್ದರು, ಟಿಕೆಟ್ ಎಷ್ಟು? ನಮ್ಮ ಮಕ್ಕಳಿಗೆ ಇದು ಗೊತ್ತೇ ಇಲ್ಲ.

ಬ್ಯಾಕಪ್ ಮರೆಯಬೇಡಿ. ಆರ್ಕುಟ್‌ನಲ್ಲಿ ನಮ್ಮ ಕನ್ನಡ ಗುಂಪುಗಳಲ್ಲಿ ಎಷ್ಟು ಬರೆದಿದ್ದೆವು, 2014ರಲ್ಲಿ ಅದು ಮುಚ್ಚಿತು. ಬ್ಲಾಗರ್ ಸೆಟ್ಟಿಂಗ್‌ನಲ್ಲಿ ಬ್ಯಾಕಪ್ ಇದೆ, ಆಗಾಗ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿ. ಫೋಟೋಗಳನ್ನು ಬೇರೆಯಾಗಿ ಇಡಿ. ಮಗನನ್ನೂ ಅಡ್ಮಿನ್ ಆಗಿ ಸೇರಿಸಿ. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು.

ಡೊಂಬಿವಲಿ_ಅಕ್ಕ:

ಅಬ್ಬಾ, ಇಷ್ಟೆಲ್ಲ ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್. ಬ್ಲಾಗರ್‌ನಲ್ಲಿ ತೆರೆದೆ. ವಿಳಾಸವೂ ಸಿಕ್ಕಿತು. ನುಡಿ ಫೈಲ್ ಮಗ ಬದಲಿಸಿ ಕೊಟ್ಟ. ಕೋತ್ರೂಡ್‌ನವರು ಹೇಳಿದ ಹಾಗೇ "ಫ್ಲೋರಾ ಫೌಂಟನ್" ಎಂದು ಇಂಗ್ಲಿಷ್‌ನಲ್ಲಿದ್ದದ್ದು ಓದಲಾಗದ ಮಂತ್ರವಾಗಿತ್ತು.

ಅಪ್ಪನನ್ನು ಟ್ರಂಕ್ ಬಗ್ಗೆ ಕೇಳಿದೆ. ಟ್ರಂಕ್ ಇರಲಿಲ್ಲವಂತೆ, ಬಟ್ಟೆಯ ಚೀಲ. ಅದನ್ನು ಅಕ್ಕಿ ಮೂಟೆಯ ಹಿಂದೆ ಇಡುತ್ತಿದ್ದರಂತೆ. ಇಲಿ ಕಡಿದು ನೈಟ್ ಸ್ಕೂಲಿನ ಪುಸ್ತಕ ಹೋಯಿತಂತೆ. ಮಾಸ್ತರರು ಬೈಯದೆ ತಮ್ಮದೇ ಪುಸ್ತಕ ಕೊಟ್ಟರಂತೆ. ಇಷ್ಟು ವರ್ಷದಲ್ಲಿ ಇದನ್ನು ನಮಗೆ ಯಾರಿಗೂ ಹೇಳಿರಲಿಲ್ಲ. ಊಟದ ಹೊತ್ತು ದಾಟಿದರೂ ಮಾತು ನಿಲ್ಲಲಿಲ್ಲ.

ಈಗ ಹೊಸ ತಲೆನೋವು. ಕಪ್ಪು ತೊಳೆಯುವ ಪೋಸ್ಟ್ ಬರೆದು ಅಣ್ಣನಿಗೆ ಕಳಿಸಿದೆ. ಅವನಿಗೆ ಇಷ್ಟವಿಲ್ಲ. "ಅದೆಲ್ಲ ಊರಿಗೆ ಯಾಕೆ ಹೇಳಬೇಕು, ಮಗನಿಗೆ ಸಂಬಂಧ ನೋಡುತ್ತಿದ್ದೇವೆ" ಎನ್ನುತ್ತಾನೆ. ಹೋಟೆಲಿನ ಹೆಸರು, ಧಣಿಗಳ ಹೆಸರು ಹಾಕಬಹುದಾ ಎನ್ನುವುದೂ ಗೊತ್ತಾಗುತ್ತಿಲ್ಲ. ಅಪ್ಪನ ಹಳೆಯ ರೇಷನ್ ಕಾರ್ಡ್, ನೈಟ್ ಸ್ಕೂಲ್ ಸರ್ಟಿಫಿಕೇಟ್ ಇವೆ, ಫೋಟೋ ತೆಗೆದು ಹಾಕಲಾ?

ಅಚ್ಚುಮೊಳೆ:

ಪುಸ್ತಕ ಕೊಟ್ಟ ಮಾಸ್ತರರದ್ದು ಬೇರೆಯೇ ಪೋಸ್ಟ್ ಆಗಬೇಕು ಅಕ್ಕಾ, ಅದನ್ನು ಇನ್ನೊಂದರ ನಡುವೆ ತುರುಕಬೇಡಿ.

ಧಣಿಗಳ ಹೆಸರು ಬೇಡ. ಅವರ ಮಕ್ಕಳು, ಮೊಮ್ಮಕ್ಕಳು ಇರುತ್ತಾರೆ. ಒಳ್ಳೆಯದು ಬರೆದರೂ ಅವರನ್ನು ಕೇಳದೆ ಹಾಕುವುದು ಸರಿಯಲ್ಲ, ಕಹಿ ಇದ್ದರಂತೂ ಬೇಡವೇ ಬೇಡ. "ಫೋರ್ಟ್‌ನ ಒಂದು ಹೋಟೆಲ್" ಎಂದರೆ ಕಥೆಗೆ ಏನೂ ಕಡಿಮೆಯಾಗುವುದಿಲ್ಲ. ಸರ್ಟಿಫಿಕೇಟ್ ಹಾಕಿ, ನಂಬರ್ ಇರುವ ಜಾಗ ಮುಚ್ಚಿ. ರೇಷನ್ ಕಾರ್ಡ್‌ನಲ್ಲಿ ಮನೆಯವರೆಲ್ಲರ ಹೆಸರು, ವಿಳಾಸ ಇರುತ್ತದೆ, ಅದನ್ನು ಬಿಡಿ. ಫೋಟೋವನ್ನು ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಫೋನಿನ ಫೋಟೋ ನಾಲ್ಕೈದು ಎಂಬಿ ಇರುತ್ತದೆ, ಚಿಕ್ಕದು ಮಾಡಿ ಹಾಕಿ. ಇಲ್ಲದಿದ್ದರೆ ಲೋಕಲ್‌ನಲ್ಲಿ ಕೂತು ಓದುವವರಿಗೆ ಪುಟ ತೆರೆಯುವುದರೊಳಗೆ ಸ್ಟೇಷನ್ ಬಂದಿರುತ್ತದೆ. ಹಳೆಯ ಹೋಟೆಲ್‌ಗಳ ಚಿತ್ರ ಎಂದು ಗೂಗಲ್‌ನಿಂದ ಎತ್ತಿ ಹಾಕಬೇಡಿ, ಅವು ಬೇರೆಯವರ ಸ್ವತ್ತು.

ಅಣ್ಣನ ಮಾತನ್ನು ತಳ್ಳಿಹಾಕಬೇಡಿ. ಆದರೆ ಕೈ ಬಿರಿದದ್ದು ಅಪ್ಪನದ್ದು, ಅಣ್ಣನದ್ದಲ್ಲ. ಆ ಪೋಸ್ಟನ್ನು ಡ್ರಾಫ್ಟ್‌ನಲ್ಲೇ ಇಡಿ. ಅಪ್ಪನ ಎದುರು ಕೂತು ಪೂರ್ತಿ ಗಟ್ಟಿಯಾಗಿ ಓದಿ. ಅಣ್ಣನೂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಅಪ್ಪ ಬೇಡ ಎಂದ ಸಾಲು ತೆಗೆದುಬಿಡಿ, ಇರಲಿ ಎಂದರೆ ಅಣ್ಣನೂ ಸುಮ್ಮನಾಗುತ್ತಾನೆ. ಅಲ್ಲಿಯವರೆಗೆ ವಾಸ್ಕೋದವರು ಹೇಳಿದ ಬಸ್ ಪ್ರಯಾಣದ್ದನ್ನು ಬರೆದು ಹಾಕಿ. ಅದಕ್ಕೆ ಬೀಗರ ಕಡೆಯವರೂ ಏನೂ ಅನ್ನುವುದಿಲ್ಲ. ಹಾಕಿದ ಮೇಲೆ ಇಲ್ಲಿ ಲಿಂಕ್ ಕೊಡಿ, ಕಾಗುಣಿತ ನಾನು ನೋಡಿಕೊಡುತ್ತೇನೆ.